ಗಾಂಧಿ ಬಜಾರಿನ ಬೋರ್ಡಿಲ್ಲದ ಅಂಗಡಿ, ಅರ್ಧ ಆಣೆಯ ಒಂದು ಬಿಲ್ಲೆ

ಈ ಅಂಗಡಿಗೆ ಬೋರ್ಡೇ ಇಲ್ಲ. ಶಿವಮೊಗ್ಗದ ಗಾಂಧಿ ಬಜಾರಿನಿಂದ ಒಳಗೆ ಹೋಗುವ ಒಂದು ಸಣ್ಣ ಗಲ್ಲಿಯಲ್ಲಿದೆ. ಬಾಗಿಲಲ್ಲಿ ಹಳೇ ಲಾಟೀನುಗಳು ನೇತಾಡುತ್ತಿರುತ್ತವೆ, ಕೆಳಗೆ ಸೇರು, ಪಾವು, ಚಟಾಕು ಜೋಡಿಸಿಟ್ಟಿರುತ್ತಾರೆ. ಅದೇ ಗುರುತು. ಒಂದೂವರೆ ವರ್ಷದಿಂದ ಹೋಗಿ ಬರುತ್ತಿದ್ದೇನೆ. ಹಳೇ ಸಾಮಾನಿನ ಮೇಲೆ ಪ್ರೀತಿ ಇರುವವರು ಒಮ್ಮೆ ಹೋಗಲೇಬೇಕು ಅನ್ನಿಸಿದ್ದರಿಂದ ಬರೆಯುತ್ತಿದ್ದೇನೆ.

ನಾನು ಸಾಗರ ರಸ್ತೆಯ ಎಪಿಎಂಸಿ ಯಾರ್ಡಿನಲ್ಲಿ ಒಂದು ಅಡಿಕೆ ಮಂಡಿಗೆ 28 ವರ್ಷ ಲೆಕ್ಕ ಬರೆದವಳು. ರಾಶಿ, ಬೆಟ್ಟೆ, ಸರಕು, ಗೊರಬಲು ಅಂತ ಅಡಿಕೆಯ ಒಂದೊಂದು ದರ್ಜೆಗೂ ಕಾಲಂ ಹಾಕುತ್ತಾ ಕೂದಲು ಹಣ್ಣಾಯಿತು. ಕೆಲಸ ಬಿಟ್ಟ ಮೇಲೆ ಹಳೇ ಮಂಡಿಗಳ ಸಾಮಾನು ಕೂಡಿಡುವ ಆಸೆ ಹತ್ತಿತು. ನನ್ನ ಅಜ್ಜ ಇದೇ ಊರಿನಲ್ಲಿ ಹಮಾಲಿ ಮಾಡಿದವರು. ಅವರ ಕಾಲದ್ದು ಅಂತ ನಮ್ಮ ಮನೆಯಲ್ಲಿ ಒಂದು ಕೊಕ್ಕೆ ಬಿಟ್ಟರೆ ಏನೂ ಉಳಿದಿಲ್ಲ.

ಮೊದಲ ಸಲ ಹೋದಾಗ ಅಂಗಡಿಯ ಯಜಮಾನರು ಒಂದು ಬಿಸ್ಕತ್ ಡಬ್ಬಿ ಮುಂದಿಟ್ಟರು. ಹಳೇ ಕಾಸು, ಗುಂಡಿ, ಬೀಗದ ಕೈಗಳ ನಡುವೆ ಒಂದು ಹಿತ್ತಾಳೆ ಬಿಲ್ಲೆ. ಅಗಲ ಈಗಿನ ಹತ್ತು ರೂಪಾಯಿ ನಾಣ್ಯದಷ್ಟು, ಆದರೆ ತೆಳು. ಮೇಲ್ಗಡೆ ಒಂದು ತೂತು. ಒಂದು ಮುಖದಲ್ಲಿ 'ಬ. ವೀ. ಸ. ಮಂಡಿ', ಕೆಳಗೆ 'ಶಿಮೊಗ್ಗಾ'. ಅಕ್ಷರಗಳನ್ನು ಒಂದೊಂದಾಗಿ ಉಳಿಯಲ್ಲಿ ಹೊಡೆದಿದ್ದಾರೆ, ಹಾಗಾಗಿ 'ಮಂ' ಸ್ವಲ್ಪ ವಾಲಿಕೊಂಡಿದೆ. ಇನ್ನೊಂದು ಮುಖದಲ್ಲಿ 'ಚೀಲ ೧', ಅದರ ಕೆಳಗೆ '೦–೦–೬'.

"ಆರನೇ ನಂಬರಿನ ಬಿಲ್ಲೆ ಅಮ್ಮಾ, ಸೀರಿಯಲ್ ನಂಬರು" ಅಂದರು ಯಜಮಾನರು.

ನನಗೆ ಎದೆ ಝಲ್ಲೆಂದಿತು. ಅದು ನಂಬರಲ್ಲ. ನಮ್ಮ ಮಂಡಿಯ ಅಟ್ಟದಲ್ಲಿದ್ದ ಹಳೇ ವಹಿಗಳಲ್ಲಿ ಎಲ್ಲ ಪುಟದಲ್ಲೂ ಹೀಗೇ ಮೂರು ಮನೆ ಇರುತ್ತಿತ್ತು: ರೂಪಾಯಿ, ಆಣೆ, ಪೈ. ರೂಪಾಯಿಗೆ 16 ಆಣೆ, ಆಣೆಗೆ 12 ಪೈ. ಅಂದರೆ ಇದು ಆರು ಪೈ, ಅರ್ಧ ಆಣೆ. ಒಂದು ಚೀಲ ಹೊತ್ತರೆ ಒಂದು ಬಿಲ್ಲೆ, ಅದಕ್ಕೆ ಅರ್ಧ ಆಣೆ ಹಮಾಲಿ ಕೂಲಿ. ಮೂವತ್ತೆರಡು ಚೀಲ ಹೊತ್ತರೆ ಒಂದು ರೂಪಾಯಿ. ನಯಾ ಪೈಸೆ ಬಂದಿದ್ದು 1957ರ ಏಪ್ರಿಲ್ 1ಕ್ಕೆ. ಹಾಗಾಗಿ ಬಿಲ್ಲೆ ಅದಕ್ಕಿಂತ ಹಿಂದಿನದು ಅಂತ ಅಲ್ಲೇ ನಿಂತು ಹೇಳಿದೆ. ಯಜಮಾನರು ಕನ್ನಡಕ ಏರಿಸಿಕೊಂಡು ಮತ್ತೆ ನೋಡಿದರು. 500 ಅಂದಿದ್ದವರು 350ಕ್ಕೆ ಕೊಟ್ಟರು.

ಆದರೆ ಈ ಅಂಗಡಿಯನ್ನು ನಾನು ಹೊಗಳುತ್ತಿರುವುದು ಬೆಲೆಗೆ ಅಲ್ಲ. ಇಲ್ಲಿ ಒಂದು ದಪ್ಪ ನೋಟ್ ಪುಸ್ತಕ ಇದೆ. ಯಾವ ಸಾಮಾನು ಯಾವ ಊರಿಂದ ಬಂತು, ಯಾವುದರ ಜೊತೆ ಬಂತು ಅಂತ ಯಜಮಾನರು ಬಂದ ದಿನವೇ ಅದರಲ್ಲಿ ಬರೆದಿಡುತ್ತಾರೆ. ಕೇಳಿದರೆ ಆ ಸಾಲನ್ನು ಚೀಟಿಯಲ್ಲಿ ಬರೆದುಕೊಡುತ್ತಾರೆ. ನನ್ನ ಚೀಟಿಯಲ್ಲಿ ಇಷ್ಟಿತ್ತು: 'ತೀರ್ಥಹಳ್ಳಿ. ಕೆಡವಿದ ಮನೆ. ಗಲ್ಲಾಪೆಟ್ಟಿಗೆ ಜೊತೆ. ಬಿಲ್ಲೆ 11.' ಇದಕ್ಕೆ ಮುಂಚೆ ಮೊಬೈಲಿನಲ್ಲಿ ನೋಡಿ ಬೇರೆ ಒಬ್ಬರಿಂದ ಎರಡು ಬಿಲ್ಲೆ ತರಿಸಿಕೊಂಡಿದ್ದೆ. ಎಲ್ಲಿಯದು ಅಂತ ಕೇಳಿದರೆ 'ತುಂಬಾ ಅಪರೂಪದ್ದು' ಅನ್ನುವುದೊಂದೇ ಉತ್ತರ. ಅವು ಇವತ್ತಿಗೂ ನನ್ನ ಡ್ರಾಯರಿನಲ್ಲಿ ಸುಮ್ನೆ ಬಿದ್ದಿವೆ. ಹಿತ್ತಾಳೆಗೆ ಬಾಯಿ ಬರುವುದು ಅದರ ಊರು ಗೊತ್ತಾದಾಗಲೇ.

ಶಿವಮೊಗ್ಗದ ಮಂಡಿಯ ಬಿಲ್ಲೆ ತೀರ್ಥಹಳ್ಳಿಯಲ್ಲಿ ಯಾಕಿತ್ತು? ಆ ಚೀಟಿ ಹಿಡಿದುಕೊಂಡೇ ಹುಡುಕಲು ಶುರು ಮಾಡಿದೆ. ತೀರ್ಥಹಳ್ಳಿ ಹತ್ತಿರ ನಮ್ಮ ದೊಡ್ಡಮ್ಮನ ಮನೆ. ಅಡಿಕೆ ತೋಟದವರ ಹಳೇ ಮನೆಗಳಲ್ಲಿ ಒಂದು ಅಭ್ಯಾಸ ಇದೆ, ನಿಮಗೂ ಗೊತ್ತಿರಬಹುದು. ಅಡಿಕೆ ಮಾರಿದ ಲೆಕ್ಕಕ್ಕೆ ಮಂಡಿಯವರು ಕೊಟ್ಟ ಬಿಕ್ರಿ ಪಟ್ಟಿಗಳನ್ನು ಬಿಸಾಡುವುದಿಲ್ಲ, ಬಗ್ಗಿಸಿದ ತಂತಿಗೆ ಚುಚ್ಚಿ ಜಂತಿಗೆ ನೇತುಹಾಕುತ್ತಾರೆ. ದೊಡ್ಡಮ್ಮನ ಮನೆಯಲ್ಲಿ ಅಂಥ ತಂತಿ ನಾಲ್ಕಿದ್ದವು. ಅಡುಗೆಮನೆ ಹೊಗೆಗೆ ಕಾಗದ ಕಾಫಿ ಬಣ್ಣಕ್ಕೆ ತಿರುಗಿತ್ತು. "ಅದರಲ್ಲಿ ಎಂಥದ್ದು ಹುಡುಕ್ತೀಯೆ, ಬರೀ ಧೂಳು" ಅಂತ ದೊಡ್ಡಮ್ಮ ಬೈದರು. ಮಧ್ಯಾಹ್ನ ಊಟ ಬಿಟ್ಟು ಕೂತೆ. ಮೂರನೇ ತಂತಿಯ ಮಧ್ಯದಲ್ಲಿ ಸಿಕ್ಕಿತು. ಅದೇ ಮಂಡಿಯ 1951ರ ಒಂದು ಪಟ್ಟಿ. ತಲೆಯಲ್ಲಿ ಸಾಹುಕಾರರ ಪೂರ್ತಿ ಹೆಸರು ಅಚ್ಚಾಗಿದೆ. ಕೆಳಗೆ ತೂಕ, ದರ, ಆಮೇಲೆ ಕಳೆಯುವ ಬಾಬ್ತುಗಳು: ದಲ್ಲಾಳಿ, ಧರ್ಮಾದಾಯ, ಹಮಾಲಿ. ಹಮಾಲಿಯ ಸಾಲಿನಲ್ಲಿ 'ಚೀಲ 8' ಅಂತ ಬರೆದು ಎದುರಿಗೆ 0–4–0. ಎಂಟು ಅರ್ಧ ನಾಲ್ಕು ಆಣೆ. ಲೆಕ್ಕ ತಾಳೆಯಾಯಿತು. ನಾನು ಎಷ್ಟೋ ವರ್ಷ ಲೆಕ್ಕ ತಾಳೆ ನೋಡಿದ್ದೇನೆ, ಕಣ್ಣಲ್ಲಿ ನೀರು ಬಂದಿದ್ದು ಅದೊಂದೇ ಸಲ.

ಒಂದು ವಿಷಯ ಇಲ್ಲಿ ಕಲಿತೆ. 'ಬ' ಅಂದರೆ ಬಸಪ್ಪನೋ ಬಸವರಾಜನೋ ಇರಬೇಕು ಅಂತ ನಾನೂ ಯಜಮಾನರೂ ಲೆಕ್ಕ ಹಾಕಿದ್ದೆವು. ಪಟ್ಟಿಯಲ್ಲಿ ನೋಡಿದರೆ ಅದು ಬ್ಯಾಡಗಿ, ಮೆಣಸಿನಕಾಯಿಯ ಊರು. ಮೊದಲು ಊರು, ಆಮೇಲೆ ಅಪ್ಪ, ಆಮೇಲೆ ತಾನು. ಹಳೇ ಬಿಲ್ಲೆಯ ಮನೆತನ ಹುಡುಕುವವರು ಮೊದಲಕ್ಷರವನ್ನು ಊರು ಅಂತಲೇ ಹಿಡಿದು ನೋಡಿ.

ಉಳಿದಿದ್ದು ಸಲೀಸಾಯಿತು. ಯಾರ್ಡಿನ ಹಿರಿಯ ಗುಮಾಸ್ತರೊಬ್ಬರಿಗೆ ಹೆಸರು ಹೇಳಿದ್ದೇ ತಡ, ಆ ಮನೆಯ ಮೊಮ್ಮಗನ ಹೆಂಡತಿ ದುರ್ಗಿಗುಡಿಯಲ್ಲಿದ್ದಾರೆ ಅಂದರು. ಅವರ ಇಷ್ಟದಂತೆ ಹೆಸರು ಬರೆಯುತ್ತಿಲ್ಲ. ಎರಡು ಗಂಟೆ ಕೂರಿಸಿಕೊಂಡು ಮಾತಾಡಿದರು. ಮೂಲ ಪುರುಷರು ಬ್ಯಾಡಗಿಯಿಂದ ಮೆಣಸಿನಕಾಯಿ ಮಾರಲು ಬಂದು ಇಲ್ಲೇ ನಿಂತವರಂತೆ. ಬೀರೂರಿನಿಂದ ಶಿವಮೊಗ್ಗಕ್ಕೆ ರೈಲು ಬಂದಿದ್ದು 1889ರಲ್ಲಿ. ರೈಲಿರುವ ಊರಲ್ಲಿ ಮಂಡಿ ಇರಬೇಕು ಅನ್ನುವುದು ಅವರ ಮನೆಯ ಮಾತಂತೆ. 1939ರಲ್ಲಿ ಅಡಿಕೆ ಬೆಳೆಗಾರರದ್ದೇ ಸಹಕಾರ ಸಂಘ ಮ್ಯಾಮ್ಕೋಸ್ ಶುರುವಾದ ಮೇಲೂ ತೀರ್ಥಹಳ್ಳಿ ಕಡೆಯ ಮನೆಗಳು ಇವರನ್ನು ಬಿಡಲಿಲ್ಲ, ಯಾಕೆಂದರೆ ಮಳೆಗಾಲದಲ್ಲಿ ಮುಂಗಡ ಕೊಡುತ್ತಿದ್ದರು. ಆಮೇಲೆ ಮನೆ ಪಾಲಾಯಿತು. ಚಿಕ್ಕ ಮಗ ಗಲ್ಲಾಪೆಟ್ಟಿಗೆ ತಗೊಂಡು ತೀರ್ಥಹಳ್ಳಿಗೆ ಹೋದರು. ಬಿಲ್ಲೆಗಳು ಅದರೊಳಗೇ ಉಳಿದವು.

ತೂತಿನ ವಿಷಯ ಕೇಳಿದೆ. ಹಮಾಲರು ದಾರಕ್ಕೆ ಪೋಣಿಸಿ ಸೊಂಟಕ್ಕೆ ಕಟ್ಟಿಕೊಳ್ಳುತ್ತಿದ್ದರಂತೆ. ದೀಪ ಹಚ್ಚುವ ಹೊತ್ತಿಗೆ ದಾರ ಬಿಚ್ಚಿ ಎಣಿಸಿ ದುಡ್ಡು ತಗೊಳ್ಳುತ್ತಿದ್ದರು. ಮನೆಗೆ ಬಂದು ಭೂತಗನ್ನಡಿಯಲ್ಲಿ ನೋಡಿದೆ. ತೂತಿನ ಮೇಲಿನ ಅಂಚು ಮಾತ್ರ ಸವೆದು ಉದ್ದಕ್ಕಾಗಿದೆ. ದಾರ ಎಳೆದ ಜಾಗ.

ಅಂಗಡಿಯಲ್ಲಿ ಕೊರತೆ ಇಲ್ಲ ಅಂತಲ್ಲ. ಮುಂದಿನ ತಟ್ಟೆಯಲ್ಲಿರುವ ಬಿಲ್ಲೆಗಳನ್ನೆಲ್ಲ ಹುಣಸೆಹಣ್ಣು ಹಚ್ಚಿ ತಿಕ್ಕಿ ಫಳಫಳ ಮಾಡಿಟ್ಟಿದ್ದಾರೆ. ದಯವಿಟ್ಟು ಅವನ್ನು ತಗೋಬೇಡಿ. ಹುಳಿಗೆ ಹಿತ್ತಾಳೆಯ ಮೈ ಹೋಗುತ್ತದೆ, ಅಕ್ಷರದ ಅಂಚು ಮಂಕಾಗುತ್ತದೆ. ಒಳಗಿನ ಡಬ್ಬಿ ಕೇಳಿ, ಕಪ್ಪಗಿರುವುದನ್ನೇ ಆರಿಸಿ. ಮೆತ್ತನೆಯ ಪ್ಲಾಸ್ಟಿಕ್ ಕವರಿನಲ್ಲಿ ಹಾಕಿಕೊಟ್ಟರೆ ಮನೆಗೆ ಬಂದ ತಕ್ಷಣ ಕಾಗದದ ಲಕೋಟೆಗೆ ಬದಲಾಯಿಸಿ, ಇಲ್ಲದಿದ್ದರೆ ಹಸಿರು ಅಂಟು ಹಿಡಿಯುತ್ತದೆ. ಅಂಗಡಿ ಒಳಗೆ ಬೆಳಕು ಸಾಲದು, ಟಾರ್ಚ್ ತಗೊಂಡು ಹೋಗಿ ಓರೆಯಾಗಿ ಬಿಟ್ಟು ನೋಡಿ, ಸವೆದ ಅಕ್ಷರವೂ ಕಾಣುತ್ತದೆ. ಹತ್ತೂವರೆಗೆ ಮುಂಚೆ ಹೋದರೆ ಬಾಗಿಲು ಹಾಕಿರುತ್ತದೆ.

ಹುಣಸೆಹಣ್ಣಿನ ವಿಷಯ ಯಜಮಾನರಿಗೂ ಹೇಳಿದ್ದೇನೆ. "ಗಿರಾಕಿಗಳಿಗೆ ಹೊಳಪು ಬೇಕಲ್ವಾ ಅಮ್ಮಾ" ಅಂದರು. ಆದರೂ ಹೋದ ವಾರ ಬಂದ ಹೊಸ ಗಂಟನ್ನು ತಿಕ್ಕದೆ ನನಗೆ ಅಂತ ಎತ್ತಿಟ್ಟಿದ್ದರು. 1951ರ ಪಟ್ಟಿಯ ಒಂದು ಜೆರಾಕ್ಸ್ ಕೊಟ್ಟೆ. ನೋಟ್ ಪುಸ್ತಕದ ಅದೇ ಸಾಲಿನ ಪಕ್ಕದಲ್ಲಿ ಅಂಟಿಸಿಕೊಂಡರು. ನನ್ನದು ಹೋಗಿ ಆ ಡಬ್ಬಿಯಲ್ಲಿ ಈಗ ಹತ್ತು ಬಿಲ್ಲೆ ಉಳಿದಿವೆ. ಅದರಲ್ಲಿ ಒಂದರ ಮೇಲೆ 'ಚೀಲ ೨', ಕೆಳಗೆ '೦–೧–೦' ಅಂತಿದೆ. ದುರ್ಗಿಗುಡಿಯ ಅಮ್ಮ ಅದನ್ನು ನೋಡಬೇಕು ಅಂದಿದ್ದಾರೆ. ಬರುವ ಗುರುವಾರ ಕರೆದುಕೊಂಡು ಹೋಗುತ್ತೇನೆ.