ಮರಿಬೆಕ್ಕಿನ ಆರೋಗ್ಯ ಪುಸ್ತಿಕೆ: ಲಸಿಕೆಗೆ ಐದು ಪುಟ, ಜಂತಿನ ಔಷಧಿಗೆ ನಾಲ್ಕೇ ಸಾಲು

ಕಳೆದ ವರ್ಷ ಜೂನ್ 2ರಂದು, ಮಳೆ ಹಿಡಿದ ಮೊದಲ ವಾರದಲ್ಲಿ, ನಮ್ಮ ಮನೆಯ ಅಟ್ಟದ ಮೇಲೆ ಅಡಿಕೆ ಗೋಣಿಗಳ ಮರೆಯಲ್ಲಿ ಬೆಕ್ಕೊಂದು ಮೂರು ಮರಿ ಹಾಕಿತು. ಕೆಂಚ, ಬೂದ, ಚುಕ್ಕಿ ಎಂದು ಹೆಸರಿಟ್ಟು, ಮೂರು ವಾರ ತುಂಬಿದ ದಿನ ಬುಟ್ಟಿಯಲ್ಲಿಟ್ಟುಕೊಂಡು ಶಿವಮೊಗ್ಗದ ಖಾಸಗಿ ಪಶು ಚಿಕಿತ್ಸಾಲಯವೊಂದಕ್ಕೆ ಒಯ್ದೆವು. ತಪಾಸಣೆಯ ಶುಲ್ಕದಲ್ಲಿಯೇ ಒಂದೊಂದು ಮರಿಗೂ ಒಂದೊಂದು ಆರೋಗ್ಯ ಪುಸ್ತಿಕೆಯನ್ನು ಕೊಟ್ಟರು. ಜಂತಿನ ಔಷಧಿಯ ಲೆಕ್ಕವನ್ನು ಆರು ತಿಂಗಳು ಅದರಲ್ಲಿಯೇ ಬರೆದಿಟ್ಟ ಅನುಭವದ ಮೇಲೆ ಈ ವಿಮರ್ಶೆಯನ್ನು ಬರೆಯುತ್ತಿದ್ದೇನೆ.

ಪುಸ್ತಿಕೆ ಅಂಗೈಯಗಲದ್ದು, ಹದಿನಾರು ಪುಟಗಳದ್ದು. ಹೊದಿಕೆಗೆ ಪ್ಲಾಸ್ಟಿಕ್ ಹಾಳೆ ಅಂಟಿಸಿರುವುದರಿಂದ ಮಲೆನಾಡಿನ ಆಷಾಢದ ಥಂಡಿಯಲ್ಲಿ ಅಡುಗೆಮನೆಯ ಮೊಳೆಗೆ ನೇತುಹಾಕಿದ್ದರೂ ಬೂಷ್ಟು ಹಿಡಿಯಲಿಲ್ಲ, ಶಾಯಿ ಕದಡಲಿಲ್ಲ. ಲಸಿಕೆಗೆ ಐದು ಪುಟ ಮೀಸಲಾಗಿದ್ದು, ಶೀಶೆಯ ಮೇಲಿನ ಚೀಟಿಯನ್ನು ಕಿತ್ತು ಅಂಟಿಸಲು ಚೌಕಗಳಿವೆ, ವೈದ್ಯರ ಸಹಿಗೆ ಸ್ಥಳವಿದೆ. ಸಿರಿಂಜಿನ ತುದಿಯನ್ನು ಬಾಯಿಯ ಪಕ್ಕದಿಂದ ತೂರಿಸಿ, ತಲೆಯನ್ನು ಹಿಂದಕ್ಕೆ ಬಾಗಿಸದೆ ದ್ರವವನ್ನು ಸ್ವಲ್ಪಸ್ವಲ್ಪವಾಗಿ ಬಿಡುವ ಕ್ರಮವನ್ನು ತೋರಿಸುವ ಚಿತ್ರಪುಟವಂತೂ ಬಹಳ ಚೆನ್ನಾಗಿದೆ. ಔಷಧಿ ಶ್ವಾಸನಾಳಕ್ಕೆ ಹೋಗುವ ಭಯವನ್ನು ಅದು ದೂರ ಮಾಡಿತು. ಇಷ್ಟಕ್ಕೆ ಐದರಲ್ಲಿ ಮೂರು ಅಂಕಗಳನ್ನು ಸಂತೋಷದಿಂದ ಕೊಡುತ್ತೇನೆ. ಉಳಿದೆರಡನ್ನು ತಡೆಹಿಡಿದಿರುವುದು ಜಂತಿನ ಔಷಧಿಯ ಪುಟದ ಕಾರಣದಿಂದ. ಅಲ್ಲಿರುವುದು ದಿನಾಂಕ, ಮುಂದಿನ ದಿನಾಂಕ, ಸಹಿ ಎಂಬ ಮೂರು ಕಲಮುಗಳು ಮತ್ತು ನಾಲ್ಕು ಸಾಲುಗಳು ಮಾತ್ರ.

ನಾಲ್ಕು ಸಾಲು ಏಕೆ ಸಾಲದು ಎಂಬುದು ಹುಳುವಿನ ಸ್ವಭಾವವನ್ನು ತಿಳಿದರೆ ಅರ್ಥವಾಗುತ್ತದೆ. ಬೆಕ್ಕಿನ ದುಂಡುಹುಳುವಿನ, ಅಂದರೆ ಟಾಕ್ಸೋಕಾರ ಕ್ಯಾಟಿಯ, ಲಾರ್ವಾಗಳು ತಾಯಿಯ ಹಾಲಿನ ಮೂಲಕವೇ ಮರಿಯ ಹೊಟ್ಟೆ ಸೇರಬಲ್ಲವು. ನಾಯಿಮರಿಗೆ ಗರ್ಭದಲ್ಲಿರುವಾಗಲೇ ಸೋಂಕು ತಗಲುವುದರಿಂದ ಎರಡನೆಯ ವಾರಕ್ಕೇ ಔಷಧಿ ಆರಂಭಿಸಿದರೆ, ಬೆಕ್ಕಿನ ಮರಿಗೆ ಮೂರನೆಯ ವಾರದಿಂದ ಕೊಡುವ ಕ್ರಮವಿದೆ. ನಮ್ಮ ಮರಿಗಳಿಗೆ ಕೊಟ್ಟ ಪೈರಾಂಟೆಲ್ ಕರುಳಿನೊಳಗಿನ ಹುಳುಗಳ ಸ್ನಾಯುಗಳನ್ನು ಸ್ತಬ್ಧಗೊಳಿಸಿ ಮಲದೊಡನೆ ಹೊರಹೋಗುವಂತೆ ಮಾಡುತ್ತದೆಯೇ ಹೊರತು, ಆ ಹೊತ್ತಿಗೆ ದೇಹದ ಇತರ ಅಂಗಗಳಲ್ಲಿ ಸಂಚರಿಸುತ್ತಿರುವ ಲಾರ್ವಾಗಳನ್ನು ಮುಟ್ಟುವುದಿಲ್ಲ. ಅವು ಕರುಳಿಗೆ ಬಂದು ಬೆಳೆದು ಮೊಟ್ಟೆಯಿಡುವ ಮುನ್ನ ಮತ್ತೊಂದು ಸಲ ಔಷಧಿ ಬೀಳಬೇಕು. ಆದ್ದರಿಂದಲೇ ಎರಡು ವಾರಕ್ಕೊಮ್ಮೆ ಕೊಡುತ್ತಾ ಹೋಗಿ, ಮೊಲೆ ಬಿಟ್ಟು ಎರಡು ವಾರವಾಗುವ ತನಕ ಅದೇ ಕ್ರಮವನ್ನು ಮುಂದುವರಿಸಿ, ಅನಂತರ ಆರು ತಿಂಗಳು ತುಂಬುವವರೆಗೆ ತಿಂಗಳಿಗೊಮ್ಮೆ ಕೊಡಬೇಕೆಂದು ವೈದ್ಯರು ಹೇಳಿದರು. ನಮ್ಮ ಮರಿಗಳ ಲೆಕ್ಕದಲ್ಲಿ ಅದು ಒಟ್ಟು ಎಂಟು ಸಲವಾಯಿತು. ಪುಸ್ತಿಕೆಯ ಜಾಗ ಅರ್ಧ ದಾರಿಯಲ್ಲೇ ಮುಗಿದುಹೋಯಿತು.

ಜಾಗದ ಕೊರತೆಗಿಂತಲೂ ನನ್ನನ್ನು ನೋಯಿಸಿದ್ದು ಬೇರೊಂದು ಸಂಗತಿ. ಜೂನ್ 23ರಂದು ಮೊದಲನೆಯ ಸಲ, ಜುಲೈ 7ರಂದು ಎರಡನೆಯ ಸಲ ಔಷಧಿ ಬಿತ್ತು. ಮೂರನೆಯದು ಜುಲೈ 21ಕ್ಕೆ ಬೀಳಬೇಕಿತ್ತು. ಆದರೆ ಲಸಿಕೆಗೆ ಹೇಗೂ ಆಗಸ್ಟ್ 4ರಂದು ಬರಬೇಕಾಗಿದ್ದುದರಿಂದ, ಚಿಕಿತ್ಸಾಲಯದ ಸಹಾಯಕರು ಅದೇ ದಿನಾಂಕವನ್ನು ಜಂತಿನ ಔಷಧಿಯ ಸಾಲಿನಲ್ಲೂ ಬರೆದುಕೊಟ್ಟರು. ಬರೆದದ್ದೇ ಸರಿಯೆಂದು ನಾವು ನಂಬಿದೆವು. ಜುಲೈ 30ರ ರಾತ್ರಿ ಎಲ್ಲಕ್ಕಿಂತ ಸಣ್ಣವಳಾದ ಚುಕ್ಕಿ ಅನ್ನ ಮುಟ್ಟದೆ ಮಲಗಿದ್ದು, ಬೆಳಗಿನ ಜಾವ ವಾಂತಿ ಮಾಡಿಕೊಂಡಾಗ ಅದರಲ್ಲಿ ಶಾವಿಗೆಯ ಎಳೆಯಂತೆ ಸುರುಳಿ ಸುತ್ತಿದ ಬಿಳಿಯ ಹುಳುಗಳಿದ್ದವು. ಹೊಟ್ಟೆ ಡೊಳ್ಳಿನಂತೆ ಉಬ್ಬಿ, ಬೆನ್ನಿನ ಮೂಳೆ ಕೈಗೆ ತಾಗುತ್ತಿತ್ತು. 31ರಂದೇ ಓಡಿದೆವು. ವೈದ್ಯರು ಮೂರಕ್ಕೂ ಔಷಧಿ ಕೊಟ್ಟು, ಚುಕ್ಕಿಯ ಲಸಿಕೆಯನ್ನು ಅವಳು ಚೇತರಿಸಿಕೊಳ್ಳುವವರೆಗೆ ಮುಂದಕ್ಕೆ ಹಾಕಿದರು. ಆ ಹತ್ತು ದಿನಗಳ ತಡವನ್ನು ಮರಿಯ ದೇಹ ಹೊತ್ತುಕೊಂಡದ್ದನ್ನು ನೆನೆದರೆ ಈಗಲೂ ಮನಸ್ಸಿಗೆ ಕಷ್ಟವಾಗುತ್ತದೆ. ಲಸಿಕೆಯ ಅಂತರ ಮೂರರಿಂದ ನಾಲ್ಕು ವಾರ, ಎಳೆಯ ಮರಿಗೆ ಜಂತಿನ ಔಷಧಿಯ ಅಂತರ ಎರಡು ವಾರ. ಇವೆರಡನ್ನೂ ಒಂದೇ ಭೇಟಿಗೆ ಗಂಟುಹಾಕಬಾರದೆಂದು ಪುಸ್ತಿಕೆಯ ಆ ಪುಟದ ಮೇಲೆಯೇ ಅಚ್ಚಾಗಿರಬೇಕಿತ್ತು.

ಅಲ್ಲಿಂದ ಮುಂದೆ ದಿನಾಂಕವನ್ನು ನಾನೇ ಎಣಿಸತೊಡಗಿದೆ. ಹಳೆಯ ಪಟ್ಟಿಯ ಪ್ರಕಾರವಲ್ಲ, ಔಷಧಿ ನಿಜವಾಗಿ ಹೊಟ್ಟೆ ಸೇರಿದ ದಿನದಿಂದ ಹದಿನಾಲ್ಕು ದಿನ ಎಣಿಸಬೇಕು. ಹಾಗಾಗಿ ಜುಲೈ 31ರ ನಂತರ ಆಗಸ್ಟ್ 14, ಆಗಸ್ಟ್ 28, ಆಮೇಲೆ ಸೆಪ್ಟೆಂಬರ್, ಅಕ್ಟೋಬರ್, ನವೆಂಬರ್ ತಿಂಗಳುಗಳ 28ನೇ ತಾರೀಖು ಎಂದು ಗೊತ್ತುಮಾಡಿಕೊಂಡೆವು. ಫೋನಿನಲ್ಲಿ ಎರಡು ವಾರಕ್ಕೊಮ್ಮೆ ಗಂಟೆ ಬಾರಿಸುವ ಜ್ಞಾಪಕವನ್ನೂ ಇಟ್ಟುಕೊಂಡೆ. ಅದು ಉಪಯುಕ್ತವೇ ಆದರೂ ಪುಸ್ತಿಕೆಗೆ ಬದಲಿಯಲ್ಲ, ಏಕೆಂದರೆ ಒಂದು ಸಲ ಎರಡು ದಿನ ತಡವಾದರೆ ಫೋನು ಹಳೆಯ ತಾರೀಖನ್ನೇ ಹಿಡಿದು ಸಾಗುತ್ತದೆ. ಕೊಟ್ಟದ್ದು ಯಾರಿಗೆ, ಉಗುಳಿದ್ದು ಯಾರು ಎಂಬುದನ್ನು ಅದು ಹೇಳುವುದಿಲ್ಲ. ಬೂದ ಒಮ್ಮೆ ಅರ್ಧ ಔಷಧಿಯನ್ನು ನೊರೆ ಮಾಡಿ ಉಗುಳಿದಾಗ, ಪುಸ್ತಿಕೆಯ ಅಂಚಿನಲ್ಲಿ ಅದನ್ನು ಗುರುತು ಹಾಕಿಕೊಂಡು ವೈದ್ಯರನ್ನು ಕೇಳಿದ ಮೇಲೆಯೇ ಮರುದಿನ ಮತ್ತೆ ಕೊಟ್ಟೆವು.

ಇನ್ನು ತೂಕದ ಕಲಮು ಇಲ್ಲದಿರುವುದು. ಔಷಧಿಯ ಪ್ರಮಾಣ ನಿರ್ಧಾರವಾಗುವುದೇ ತೂಕದ ಮೇಲೆ, ಮತ್ತು ಈ ವಯಸ್ಸಿನಲ್ಲಿ ಮರಿಯ ತೂಕ ವಾರಕ್ಕೆ ಸುಮಾರು ನೂರು ಗ್ರಾಂ ಏರುತ್ತಿರುತ್ತದೆ. ಜೂನ್ 23ರಂದು ಕೆಂಚ 360 ಗ್ರಾಂ, ಚುಕ್ಕಿ 260 ಗ್ರಾಂ ಇದ್ದವರು ಎರಡೇ ವಾರದಲ್ಲಿ 560 ಮತ್ತು 390 ಗ್ರಾಂ ಆಗಿದ್ದರು. ಕಳೆದ ಸಲದ ಅಳತೆಯನ್ನೇ ಈ ಸಲವೂ ಸಿರಿಂಜಿಗೆ ಎಳೆದರೆ ಔಷಧಿ ಕಡಿಮೆಯಾಗುತ್ತದೆ. ಒಬ್ಬನ ಅಳತೆಯನ್ನು ಮೂವರಿಗೂ ಕೊಟ್ಟರೆ ಅದೂ ತಪ್ಪು. ಅಡುಗೆಮನೆಯ ಎಲೆಕ್ಟ್ರಾನಿಕ್ ತಕ್ಕಡಿಯ ಮೇಲೆ ಬಿದಿರಿನ ಬುಟ್ಟಿಯಿಟ್ಟು, ಅಂಕಿಯನ್ನು ಸೊನ್ನೆಗೆ ತಂದು, ಮರಿಯನ್ನು ಕೂರಿಸಿ ತೂಗುವುದು ಯಾರಿಗಾದರೂ ಸಾಧ್ಯವಿರುವ ಕೆಲಸ. ಎಷ್ಟು ಮಿಲಿಲೀಟರ್ ಎಂಬುದನ್ನು ಮಾತ್ರ ಪ್ರತಿಸಲವೂ ವೈದ್ಯರಿಂದಲೇ ಕೇಳಿ ತಿಳಿಯಬೇಕು, ಏಕೆಂದರೆ ಮಕ್ಕಳ ಔಷಧಿ, ನಾಯಿಯ ಔಷಧಿ, ಬೆಕ್ಕಿನ ಔಷಧಿ ಇವುಗಳ ಸಾಂದ್ರತೆ ಒಂದೇ ಆಗಿರುವುದಿಲ್ಲ. ಶೀಶೆಯ ತಳದಲ್ಲಿ ಔಷಧಿ ಕೆನೆಯಂತೆ ಕೂತಿರುತ್ತದಾದ್ದರಿಂದ ಪ್ರತಿಸಲವೂ ಚೆನ್ನಾಗಿ ಕುಲುಕಬೇಕೆಂಬ ಮಾತೂ ಪುಸ್ತಿಕೆಯಲ್ಲಿಲ್ಲ.

ಔಷಧಿಯ ಹೆಸರು ಬರೆಯಲು ಸ್ಥಳವಿಲ್ಲದಿರುವುದರ ತೊಂದರೆ ಅಕ್ಟೋಬರಿನಲ್ಲಿ ತಿಳಿಯಿತು. ಕೆಂಚನ ಬಾಲದ ಬುಡದಲ್ಲಿ ಒಣಗಿದ ಅಕ್ಕಿಕಾಳಿನಂಥ ತುಣುಕುಗಳು ಕಂಡುಬಂದವು. ಅದು ಲಾಡಿಹುಳು, ಮೈ ನೆಕ್ಕುವಾಗ ಚಿಗಟವನ್ನು ನುಂಗುವುದರಿಂದ ಬರುವಂಥದ್ದು. ಪೈರಾಂಟೆಲ್ ದುಂಡುಹುಳು ಮತ್ತು ಕೊಕ್ಕೆಹುಳುಗಳಿಗೆ ಕೆಲಸ ಮಾಡುತ್ತದೆಯೇ ಹೊರತು ಲಾಡಿಹುಳುವಿಗಲ್ಲ, ಅದಕ್ಕೆ ಪ್ರಾಜಿಕ್ವಾಂಟೆಲ್ ಬೇಕು. ಆ ದಿನ ಬೇರೆ ವೈದ್ಯರಿದ್ದರು. ಇದುವರೆಗೆ ಯಾವ ಔಷಧಿ ಬಿದ್ದಿದೆ ಎಂದು ಅವರು ಪುಸ್ತಿಕೆ ತಿರುವಿದರೆ ದಿನಾಂಕಗಳೂ ಸಹಿಗಳೂ ಕಂಡವೇ ವಿನಾ ಉತ್ತರ ಸಿಗಲಿಲ್ಲ. ಫೆನ್‌ಬೆಂಡಜೋಲ್‌ನಂಥ ಔಷಧಿಯನ್ನು ಸತತವಾಗಿ ಮೂರು ದಿನ ಕೊಡುವ ಕ್ರಮವಿರುವುದರಿಂದ, ಅಂಥದ್ದನ್ನು ಬರೆದುಕೊಟ್ಟಾಗ ಒಂದು ದಿನದ ಸಾಲು ಸಾಲುವುದೂ ಇಲ್ಲ. ಚಿಗಟದ ಔಷಧಿಯ ದಿನಾಂಕವನ್ನು ಜಂತಿನ ಪಕ್ಕದಲ್ಲೇ ಬರೆಯುವಂತಿದ್ದರೆ ಎಷ್ಟೋ ಒಳ್ಳೆಯದು, ಏಕೆಂದರೆ ಚಿಗಟ ಉಳಿದರೆ ಲಾಡಿಹುಳು ಮರಳಿ ಬರುತ್ತದೆ. ನಾಯಿಗಳಿಗೆಂದು ಮಾರುವ ಪರ್ಮೆಥ್ರಿನ್ ಇರುವ ಚಿಗಟದ ಔಷಧಿ ಬೆಕ್ಕಿಗೆ ವಿಷವೆಂಬ ಎಚ್ಚರಿಕೆಗೂ ಅಲ್ಲಿ ಒಂದು ಸಾಲು ಮೀಸಲಾಗಬೇಕು.

ಪುಸ್ತಿಕೆ ಪೂರ್ತಿ ಇಂಗ್ಲಿಷಿನಲ್ಲಿದೆ. ನಾನು ಕೆಲಸಕ್ಕೆ ಹೋದ ಮೇಲೆ ಮರಿಗಳನ್ನು ನೋಡಿಕೊಳ್ಳುವವರು ನಮ್ಮ ಅತ್ತೆ. ಅವರು ದಿನಪತ್ರಿಕೆಯನ್ನು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದುವವರಾದರೂ ಇಂಗ್ಲಿಷ್ ಓದಲಾರರು. ಆದ್ದರಿಂದ ಕೊನೆಯ ಖಾಲಿ ಪುಟಗಳಲ್ಲಿ ಅಡ್ಡಗೆರೆ ಎಳೆದು, ತಾರೀಖು, ತೂಕ, ಔಷಧಿಯ ಹೆಸರು, ಎಷ್ಟು ಮಿಲಿಲೀಟರ್, ಕೊಟ್ಟವರು, ಕಂಡದ್ದು, ಮುಂದಿನ ತಾರೀಖು ಎಂದು ಕನ್ನಡದಲ್ಲಿಯೇ ಕಲಮು ಮಾಡಿಕೊಟ್ಟೆ. ‘ಕಂಡದ್ದು’ ಎಂಬಲ್ಲಿ ಅತ್ತೆಯವರು ಬರೆದಿಟ್ಟ ಟಿಪ್ಪಣಿಗಳೇ ಈಗ ಪುಸ್ತಿಕೆಯ ಅತ್ಯಂತ ಬೆಲೆಯುಳ್ಳ ಭಾಗ: ‘ಮಲ ತೆಳು, ಹುಳು ಇಲ್ಲ’, ‘ಒಸಡು ಕೆಂಪಾಗಿದೆ’, ‘ಹೊಟ್ಟೆ ಇಳಿದಿದೆ, ಎರಡು ಸಲ ಊಟ’. ಕೊಕ್ಕೆಹುಳು ರಕ್ತ ಹೀರುವುದರಿಂದ ಒಸಡು ಬಿಳಿಚಿಕೊಂಡಿದೆಯೇ ಎಂದು ನೋಡಲು ವೈದ್ಯರು ಹೇಳಿದ್ದನ್ನು ಅವರು ಒಂದು ಸಲವೂ ಮರೆತಿಲ್ಲ. ನಾನು ಮಾಡಿದ ಈ ಕಲಮುಗಳ ಚಿತ್ರವನ್ನು ಚಿಕಿತ್ಸಾಲಯಕ್ಕೂ ಕೊಟ್ಟು, ಮುಂದಿನ ಮುದ್ರಣದಲ್ಲಿ ಎರಡು ಭಾಷೆಗಳಲ್ಲೂ ಅಚ್ಚು ಹಾಕಿಸಬೇಕೆಂದು ವಿನಂತಿಸಿದ್ದೇನೆ.

ಈ ಪುಸ್ತಿಕೆಯನ್ನು ತೆಗೆದುಕೊಳ್ಳುವವರು ತಾಯಿ ಬೆಕ್ಕಿಗೂ ಒಂದನ್ನು ಕೇಳಿ ಪಡೆಯಬೇಕು. ಹಾಲುಣಿಸುವ ತಾಯಿಗೂ ಮರಿಗಳೊಂದಿಗೇ ಔಷಧಿ ಬೀಳಬೇಕೆಂದು ವೈದ್ಯರು ಹೇಳಿದ್ದರೂ, ಅದರ ಹೆಸರಿನಲ್ಲಿ ಪುಸ್ತಿಕೆ ಇಲ್ಲದ್ದರಿಂದ ನಮ್ಮ ಮನೆಯಲ್ಲಿ ಅದರ ಮೊದಲ ಎರಡು ದಿನಾಂಕಗಳು ಕೆಂಚನ ಪುಸ್ತಿಕೆಯ ಹಿಂಬದಿಯಲ್ಲಿ ಸೇರಿಕೊಂಡಿವೆ.