ರಾಕ್ ಬ್ಯಾಂಡಿನ ಸೆಂಟ್, ಕಲಬುರಗಿಯ ಬಿಸಿಲು: ಒಂದೂವರೆ ವರ್ಷದ ಬಳಕೆ

ಎರಡು ಚಳಿಗಾಲ, ಒಂದು ಪೂರಾ ಬೇಸಿಗೆ ಬಳಸಿದ ಮೇಲೆ ಬರೆಯುತ್ತಿದ್ದೇನೆ. 50 ಎಂಎಲ್ ಬಾಟಲಿ, 6,800 ರೂಪಾಯಿ. ಕಾಲೇಜು ದಿನಗಳಿಂದ ಕೇಳುತ್ತಿರುವ ವಿದೇಶಿ ರಾಕ್ ಬ್ಯಾಂಡಿನದು. ಹೆಸರು ಬರೆಯುವುದಿಲ್ಲ. ಸೆಂಟಿನ ಮೇಲಿನ ದೂರು ಅವರ ಹಾಡಿನ ಮೇಲೆ ಬೀಳುವುದು ನನಗೆ ಬೇಡ.

ಬ್ಯಾಂಡ್‌ಗಳು ಸೆಂಟ್ ವ್ಯಾಪಾರಕ್ಕೆ ಇಳಿಯುವುದು ಹೊಸದಲ್ಲ. ಅಮೆರಿಕದ ಕಿಸ್ 2006ರಲ್ಲೇ ಗಂಡಸರಿಗೊಂದು, ಹೆಂಗಸರಿಗೊಂದು ತಂದಿತ್ತು. ಜರ್ಮನಿಯ ರಾಮ್‌ಸ್ಟೈನ್ ಹೆಸರಿನಲ್ಲೂ ಸೆಂಟ್‌ಗಳಿವೆ. ಸಾಮಾನ್ಯವಾಗಿ ಹೆಸರು ಬ್ಯಾಂಡಿನದು, ತಯಾರಿಸುವವರು ಬೇರೆ. ಹಾಗಾಗಿ ಅಭಿಮಾನ ಪಕ್ಕಕ್ಕಿಟ್ಟು ಮೂಗಿನ ಮಾತು ಕೇಳಬೇಕು, ಅಲ್ವಾ?

ಹೊಡೆದ ಕೂಡಲೇ ನಿಂಬೆ ಸಿಪ್ಪೆ ಚಿವುಟಿದ ವಾಸನೆ. ಹತ್ತು ನಿಮಿಷಕ್ಕೆ ಅದು ಹೋಗಿ ಹೊಗೆ ಬರುತ್ತದೆ, ಜೊತೆಗೆ ಹೊಸ ಚಪ್ಪಲಿಯ ಚರ್ಮ. ಗಂಟೆ ಎರಡು ಗಂಟೆ ಕಳೆದ ಮೇಲೆ ಉಳಿಯುವುದು ಲಾವಂಚ. ಲಾವಂಚದ ತಟ್ಟಿಗೆ ನೀರು ಚಿಮುಕಿಸಿದಾಗ ಬರುತ್ತದಲ್ಲ, ಥೇಟ್ ಅದೇ. ನಾನು ಮನಸೋತಿದ್ದು ಇದಕ್ಕೇ. ಡಿಸೆಂಬರ್‌ನಲ್ಲಿ ಬೆಳಿಗ್ಗೆ ಅಪ್ಪನ ಕೆರೆ ಕಡೆ ವಾಕಿಂಗ್ ಹೋಗುವಾಗ ಸ್ವೆಟರ್‌ಗೆ ಒಂದು ಸಲ ಹೊಡೆದರೆ ಸಂಜೆವರೆಗೂ ಇರುತ್ತಿತ್ತು.

ಏಪ್ರಿಲ್ ಬಂತು, ಎಲ್ಲ ಬದಲಾಯಿತು. ನಮ್ಮಲ್ಲಿ ಬೇಸಿಗೆಯಲ್ಲಿ 42–43 ಡಿಗ್ರಿ ಮಾಮೂಲು. ಬಿಸಿ ಮೈಮೇಲೆ ಸೆಂಟ್ ಬೇಗ ಬೇಗ ಹಾರುತ್ತದೆ. ನಿಧಾನವಾಗಿ ಬಿಚ್ಚಿಕೊಳ್ಳಬೇಕಾದ್ದೆಲ್ಲ ಒಟ್ಟಿಗೇ ಎದ್ದು ಬರುತ್ತದೆ. ಲಾವಂಚದ ಸುಳಿವೇ ಇಲ್ಲ, ಬರೀ ಹೊಗೆ. ಒಂದು ಮಧ್ಯಾಹ್ನ ನಾನು ಹೊಡೆದುಕೊಂಡು ಹೊರಗೆ ಬಂದರೆ ಅವ್ವ ಅಡುಗೆಮನೆಯಿಂದ ಓಡಿ ಬಂದಳು. "ಎಲ್ಲೋ ವೈರ್ ಸುಟ್ಟಂಗ ವಾಸ್ನಿ ಬರ್ಲಕತ್ತದ, ಕೂಲರ್ ಬಂದ್ ಮಾಡು ಮೊದ್ಲ!" ಅವಳೇ ಹೋಗಿ ಪ್ಲಗ್ ಕಿತ್ತಳು. ಅದೇ ವಾರ ಸೇಡಂ ಬಸ್ಸಿನಲ್ಲಿ ಪಕ್ಕದಲ್ಲಿದ್ದ ಅಜ್ಜಿ ಮೂಗಿಗೆ ಸೆರಗು ಹಿಡಿದು ಕೂತರು. ಅವತ್ತು ನಿಜವಾಗಿ ಬೇಜಾರಾಯಿತು. ತುಂಬಿದ ಬಸ್ಸಿನಲ್ಲಿ ಅವರು ಎದ್ದು ಎಲ್ಲಿಗೆ ಹೋಗಬೇಕು?

ಬಂದೇ ನವಾಜ್ ದರ್ಗಾದ ಹತ್ತಿರ ನಾನು ಅತ್ತರ್ ಕೊಳ್ಳುವ ಚಾಚಾ ಒಬ್ಬರಿದ್ದಾರೆ. ಬಾಟಲಿ ಅವರ ಹತ್ತಿರ ತೆಗೆದುಕೊಂಡು ಹೋದೆ. ಹತ್ತಿಗೆ ಒಂದು ಸಲ ಹೊಡೆದರು, ಮೂಸಲಿಲ್ಲ. ಇಬ್ಬರು ಗಿರಾಕಿಗಳನ್ನು ಕಳಿಸಿ, ಆಮೇಲೆ ಮೂಗಿನ ಹತ್ತಿರ ತಂದರು. "ತಳದಾಗಿನ ಖಸ್ ಛಲೋ ಅದ ಬೇಟಾ. ಬ್ಯಾಸಗ್ಯಾಗ ಮೈಗಿ ಬ್ಯಾಡ, ರಾತ್ರಿ ಬಟ್ಟಿಗಿ ಹಚ್ಚಿಡು" ಅಂದರು. ಖಸ್ ಅಂದರೆ ಅದೇ ಲಾವಂಚ. ಅತ್ತರ್‌ನಲ್ಲಿ ಸ್ಪಿರಿಟ್ ಇರುವುದಿಲ್ಲ, ಎಣ್ಣೆ. ಅದಕ್ಕೇ ಅದು ಮೈಗೆ ಅಂಟಿಕೊಂಡು ನಿಧಾನವಾಗಿ ಬಿಡುತ್ತದೆ. ಸ್ಪ್ರೇಗೆ ಆ ತಾಳ್ಮೆ ಇಲ್ಲ, ನಾವೇ ಸಮಯ ಕೊಡಬೇಕು.

ಅವತ್ತಿನಿಂದ ಹಾಗೇ ಮಾಡುತ್ತಿದ್ದೇನೆ. ಹಿಂದಿನ ರಾತ್ರಿ ಅಂಗಿಯ ಒಳಮಗ್ಗುಲಿಗೆ ಒಂದೇ ಸಲ. ಬೆಳಿಗ್ಗೆಗೆ ಹೊಗೆ ಹೋಗಿರುತ್ತದೆ, ಲಾವಂಚ ಇರುತ್ತದೆ. ಬಿಳಿ ಅಂಗಿಗೆ ಮಾತ್ರ ಬೇಡ, ನನ್ನದೊಂದಕ್ಕೆ ಹಳದಿ ಕಲೆ ಬಿದ್ದಿದೆ. ಬಾಟಲಿಯನ್ನು ಬೈಕಿನ ಡಿಕ್ಕಿಯಲ್ಲೂ ಇಡಬೇಡಿ. ಒಂದು ಮಧ್ಯಾಹ್ನ ಹಾಗೆ ಬಿಟ್ಟಿದ್ದೆ, ಆ ನಿಂಬೆ ಮತ್ತೆ ಮೊದಲಿನ ಹಾಗೆ ಬರಲೇ ಇಲ್ಲ. ಈಗ ಬೀರುವಿನ ಕೆಳಗಿನ ಖಾನೆಯಲ್ಲಿದೆ.

ದುಡ್ಡಿನ ಮಾತು. ಒಂದು ಸಲಕ್ಕೆ ಸುಮಾರು 0.1 ಎಂಎಲ್ ಬೀಳುತ್ತದೆ ಅಂದುಕೊಂಡರೆ ಬಾಟಲಿಗೆ 500 ಸಲ, ಅಂದರೆ ಸಲಕ್ಕೆ ಹದಿಮೂರು ಹದಿನಾಲ್ಕು ರೂಪಾಯಿ. ಇನ್ನೂ ಅರ್ಧ ಉಳಿದಿದೆ. ಅದು ನನಗೆ ದುಬಾರಿ ಅನಿಸಲಿಲ್ಲ. ಸಿಟ್ಟು ಇರುವುದು ಬೇರೆ ವಿಷಯಕ್ಕೆ. ಸ್ಪ್ರೇ ತಲೆ ಮೂರನೇ ತಿಂಗಳಿಗೇ ಸೋರತೊಡಗಿತು. ತರಿಸಿಕೊಟ್ಟವರಿಗೆ ಫೋಟೋ ಕಳಿಸಿದರೆ, ತೆರೆದ ಬಾಟಲಿ ವಾಪಸ್ ಇಲ್ಲ ಅಂದರು. ಸೋರುತ್ತದೆ ಅಂತ ಗೊತ್ತಾಗಬೇಕಾದರೆ ತೆರೆಯಲೇಬೇಕಲ್ಲ?

ಐದಕ್ಕೆ ಮೂರೂವರೆ ಕೊಡುತ್ತೇನೆ. ನವೆಂಬರ್‌ನಿಂದ ಫೆಬ್ರವರಿವರೆಗೆ ಅಂದರೆ ನಾಲ್ಕೂವರೆ. ಬೀದರ್ ಕಡೆಯವರಿಗೆ ಚಳಿ ಸ್ವಲ್ಪ ಜಾಸ್ತಿ, ಅವರಿಗೆ ಇನ್ನೂ ಚೆನ್ನಾಗಿ ಒಗ್ಗಬಹುದು. ಬ್ಯಾಂಡಿನವರು ಈಗ ಎರಡನೇ ಸೆಂಟ್ ತಂದಿದ್ದಾರೆ, ಅದೂ 50 ಎಂಎಲ್‌ನಲ್ಲೇ. ಚಿಕ್ಕ ಬಾಟಲಿ ಬಂದರೆ ತಗೋತೀನಿ, ಅಲ್ಲಿವರೆಗೂ ಬೇಸಿಗೆಗೆ ಚಾಚಾನ ಖಸ್ ಅತ್ತರ್ ಇದೆ.