ಫೋಮ್, ಬಾಳೆ ಕಂಬ, ಕೋಳಿ ಜಾಲರಿ: ಮದುವೆ ಹೂ ಯಾವುದರಲ್ಲಿ ನಿಲ್ಲಿಸೋದು?

ಅಲಂಕಾರದ ಆರ್ಡರ್ ಕೊಡಲು ಬಂದವರು ಬಣ್ಣ ಕೇಳುತ್ತಾರೆ, ರೇಟು ಕೇಳುತ್ತಾರೆ, ಇಳಕಲ್ ಸೀರೆಯ ಕೆಂಪು ಸೆರಗಿಗೆ ಹೊಂದುತ್ತಾ ಅಂತ ಕೇಳುತ್ತಾರೆ. ಹೂ ಚುಚ್ಚೋದು ಯಾವುದರಲ್ಲಿ ಅಂತ ಮಾತ್ರ ಯಾರೂ ಕೇಳಲ್ಲ. ಬೆಳಗ್ಗೆ ಅಕ್ಕಿಕಾಳು ಬೀಳುವಾಗ ಎಲ್ಲ ಹೂವೂ ಚೆಂದವೇ. ರಾತ್ರಿ ರಿಸೆಪ್ಷನ್‌ಗೆ ಯಾವುದು ಉಳಿಯುತ್ತೆ ಅನ್ನೋದು ಹೂವಿಗಿಂತ ಜಾಸ್ತಿ ಅದರ ಕೆಳಗಿನ ವಸ್ತುವಿನ ಕೈಯಲ್ಲಿದೆ.

ನಾನು ಕೆಲಸ ಮಾಡೋದು ಬೆಳಗಾವಿಯಲ್ಲಿ. ಹೂ ತರೋದು ಅಶೋಕ ನಗರದ ಮಾರುಕಟ್ಟೆಯಿಂದ. ಆದರೆ ಆರ್ಡರ್ ಬಾಗಲಕೋಟೆ, ವಿಜಯಪುರದ ಕಡೆಯಿಂದಲೂ ಬರುತ್ತವೆ. ಬೆಳಗಾವಿಯ ತಂಪಿನಲ್ಲಿ ಸರಿಯಾಗಿ ನಿಂತಿದ್ದು ವಿಜಯಪುರದ ಏಪ್ರಿಲ್ ಬಿಸಿಲಿನಲ್ಲಿ, 40 ಡಿಗ್ರಿ ದಾಟಿದಾಗ, ನಿಲ್ಲುತ್ತೆ ಅಂತ ಗ್ಯಾರಂಟಿ ಇಲ್ಲ. ಹಾಗಾಗಿ ಒಂದೇ ಕಟ್ಟಿನ ಗುಲಾಬಿ, ಜರ್ಬೆರಾ, ನಿಶಿಗಂಧ (ಸುಗಂಧರಾಜ), ಸೇವಂತಿಗೆಗಳನ್ನು ಫೋಮ್‌ನಲ್ಲಿ, ಬಾಳೆ ಕಂಬದಲ್ಲಿ, ಕೋಳಿಗೂಡಿನ ತಂತಿ ಜಾಲರಿ ತುರುಕಿದ ತಂಬಿಗೆಯಲ್ಲಿ ಪಕ್ಕಪಕ್ಕ ಇಟ್ಟು ನೋಡಿದೆ. ಎರಡೂ ಊರಿನಲ್ಲಿ.

ಮೊದಲು ಫೋಮ್. ಆ ಹಸಿರು ಇಟ್ಟಿಗೆಯನ್ನು ಎಲ್ಲರೂ ಓಯಸಿಸ್ ಅಂತಲೇ ಕರೆಯುತ್ತಾರೆ. ಅದು 1954ರಲ್ಲಿ ಅಮೆರಿಕದಲ್ಲಿ ಬಂದ ಬ್ರ್ಯಾಂಡ್. ಕೆಲಸ ಸಲೀಸು ಮಾಡುವುದರಲ್ಲಿ ಇದನ್ನು ಮೀರಿಸಿದ್ದು ಇನ್ನೂ ಬಂದಿಲ್ಲ. ಕಾಂಡವನ್ನು ಯಾವ ಕೋನದಲ್ಲಾದರೂ ಚುಚ್ಚಬಹುದು, ಹೂ ಅಲ್ಲೇ ನಿಲ್ಲುತ್ತೆ. ಕಮಾನಿನ ಮೇಲೆ ಕಟ್ಟಬಹುದು, ಕಾರಿನ ಬಾನೆಟ್ ಮೇಲೂ ಕೂರಿಸಬಹುದು. ಬೆಳಗಾವಿಯಿಂದ ವಿಜಯಪುರಕ್ಕೆ ಸುಮಾರು 200 ಕಿಲೋಮೀಟರ್. ಅಷ್ಟು ದೂರ ಟೆಂಪೋದಲ್ಲಿ ಹೋದರೂ ನೀರು ಚೆಲ್ಲಲ್ಲ.

ಆದರೆ ಅದನ್ನು ನೆನೆಸುವ ರೀತಿ ತಿಳಿದಿರಬೇಕು. ಬಕೆಟ್ ನೀರಿನ ಮೇಲೆ ಇಟ್ಟು ಸುಮ್ನೆ ಬಿಡಬೇಕು, ತಾನೇ ನೀರು ಕುಡಿದು ಮುಳುಗುತ್ತೆ. ಅವಸರ ಮಾಡಿ ಒತ್ತಿದರೆ ಮೇಲೆ ಹಸಿ, ಒಳಗೆ ಒಣ. ಆ ಒಣ ಜಾಗಕ್ಕೆ ಸಿಕ್ಕ ಗುಲಾಬಿ ಎರಡೇ ತಾಸಿನಲ್ಲಿ ಕತ್ತು ಬಗ್ಗಿಸುತ್ತೆ. ಚುಚ್ಚಿದ ಹೂವನ್ನು ಸ್ವಲ್ಪ ಮೇಲೆಳೆದು ಸರಿಮಾಡುವ ಚಟವೂ ಬೇಡ. ಎಳೆದಾಗ ಕಾಂಡದ ಕೆಳಗೆ ಗಾಳಿ ತುಂಬಿಕೊಳ್ಳುತ್ತೆ, ನೀರು ಹತ್ತಲ್ಲ.

ವಿಜಯಪುರದಲ್ಲಿ ಇದು ಸೋತಿದ್ದು ಗಾಳಿಗೆ. ಕಾರ್ಯಾಲಯದವರು, ಅಂದರೆ ಕಲ್ಯಾಣ ಮಂಟಪದವರು, ದೊಡ್ಡ ಫ್ಯಾನುಗಳನ್ನು ವೇದಿಕೆ ಕಡೆಗೇ ತಿರುಗಿಸಿ ಇಡುತ್ತಾರೆ. ಮದುಮಕ್ಕಳಿಗೆ ಸೆಖೆ ಆಗಬಾರದಲ್ವಾ! ಆ ಒಣ ಗಾಳಿಗೆ ಫೋಮ್ ಮಧ್ಯಾಹ್ನದ ಊಟದ ಹೊತ್ತಿಗೆ ಅಂಚಿನಿಂದ ಬೆಳ್ಳಗಾಗಿತ್ತು. ಒಮ್ಮೆ ಒಣಗಿದ ಫೋಮ್ ಮತ್ತೆ ಸರಿಯಾಗಿ ನೀರು ಹೀರಲ್ಲ. ಮೇಲಿಂದ ಸುರಿದರೆ ಹರಿದು ನೆಲಹಾಸಿಗೆ ಹೋಗುತ್ತೆ, ಅಷ್ಟೇ.

ಇನ್ನೊಂದು ತಕರಾರು ದೊಡ್ಡದು. ಇದು ಫೀನಾಲ್ ಫಾರ್ಮಾಲ್ಡಿಹೈಡ್ ಪ್ಲಾಸ್ಟಿಕ್. ಮಣ್ಣಿನಲ್ಲಿ ಕರಗಲ್ಲ, ಪುಡಿಯಾಗುತ್ತೆ. ಒಣ ಇಟ್ಟಿಗೆ ಕೊಯ್ಯುವಾಗ ಏಳುವ ಧೂಳು ಕಣ್ಣು, ಗಂಟಲು ಎರಡನ್ನೂ ಉರಿಸುತ್ತೆ, ಮಾಸ್ಕ್ ಬೇಕೇ ಬೇಕು. ಬ್ರಿಟನ್ನಿನ ರಾಯಲ್ ಹಾರ್ಟಿಕಲ್ಚರಲ್ ಸೊಸೈಟಿ 2021ರಿಂದ ತನ್ನ ಪುಷ್ಪ ಪ್ರದರ್ಶನಗಳಲ್ಲಿ ಫೋಮ್ ಬೇಡ ಎಂದಿತು. ನಮ್ಮಲ್ಲಿ ಮದುವೆ ಮುಗಿದ ಮೇಲೆ ಅದು ಉಳಿದ ಹೂವಿನ ಜತೆಗೇ ತಿಪ್ಪೆಗೆ ಹೋಗುತ್ತೆ.

ಬಾಳೆ ಕಂಬದ ಯೋಚನೆ ನನ್ನದಲ್ಲ. ಬಾಗಲಕೋಟೆಯ ನವನಗರದಲ್ಲಿ ಒಂದು ಕುಬಸದ (ಸೀಮಂತದ) ಮನೆಯ ಅಜ್ಜಿ ಫೋಮ್ ಮುಟ್ಟಿ ನೋಡಿ, "ಬಾಗಲಾಗ ಬಾಳಿ ಕಂಬ ಕಟ್ಟೀರಿ, ಒಳಗ ಇದ್ಯಾಕ ಬೇಕ ತಂಗಿ?" ಎಂದರು. ಮಾತು ಸರಿಯೇ. ಬಾಳೆಗಿಡ ಗೊನೆ ಬಿಡೋದು ಒಂದೇ ಸಲ. ಗೊನೆ ಇಳಿಸಿದ ಮೇಲೆ ರೈತರು ಕಂಬವನ್ನು ಹೇಗೂ ಕಡಿಯುತ್ತಾರೆ. ತೋಟಕ್ಕೆ ಹೋದರೆ ಗಾಡಿ ಬಾಡಿಗೆಯಷ್ಟೇ ಖರ್ಚು.

ಮೇಲಿನ ಎರಡು ಪದರ ಸುಲಿದು, ಒಂದು ಗೇಣು ಉದ್ದದ ತುಂಡು ಮಾಡಿ, ಒಂದು ಬದಿ ಸಪಾಟಾಗಿ ಕೊಯ್ಯಿರಿ. ಇಲ್ಲದಿದ್ದರೆ ಉರುಳುತ್ತೆ. ಕೊಯ್ದ ಕಡೆ ನೋಡಿದರೆ ಪದರದೊಳಗೆ ಸಣ್ಣ ಸಣ್ಣ ಕೋಣೆಗಳು, ಅವುಗಳ ಸುತ್ತ ನೀರು. ಗಟ್ಟಿ ಕಾಂಡದ ಸೇವಂತಿಗೆ, ನಿಶಿಗಂಧ ನೇರವಾಗಿ ಒಳಗೆ ಹೋಗುತ್ತವೆ. ಗುಲಾಬಿಗೆ ಮೊದಲು ಬಿದಿರು ಕಡ್ಡಿಯಿಂದ ತೂತು ಮಾಡಬೇಕು. ತೊಟ್ಟಿಲ್ಲದ ಚೆಂಡು ಹೂವಿಗಂತೂ ಇದಕ್ಕಿಂತ ಒಳ್ಳೆಯ ಆಸರೆ ಇಲ್ಲ. ತೆಂಗಿನ ಗರಿಯ ಕಡ್ಡಿ ಚುಚ್ಚಿ ಒತ್ತೊತ್ತಾಗಿ ಕೂರಿಸಿದರೆ ಕಂಬವೇ ಕಾಣಲ್ಲ. ವಿಜಯಪುರದ ಅದೇ ಫ್ಯಾನಿನ ಎದುರು ಚೆಂಡು ಹೂ, ಸೇವಂತಿಗೆ ರಾತ್ರಿವರೆಗೂ ಹಾಗೇ ಇದ್ದವು. ಗುಲಾಬಿ ಸಂಜೆಗೆ ಸ್ವಲ್ಪ ಸೊರಗಿತ್ತು. ಜರ್ಬೆರಾ ಪೂರ್ತಿ ಸೋತಿತು. ಅದರದ್ದು ಮೆತ್ತನೆ ಕಾಂಡ, ನೀರಿನಲ್ಲೇ ನಿಲ್ಲಬೇಕು. ಕಂಬದ ತೇವ ಅದಕ್ಕೆ ಸಾಲಲ್ಲ.

ಕಂಬಕ್ಕೂ ಕಾಟ ಇದೆ. ರಸದ ಕಲೆ ಬಟ್ಟೆಗೆ ಹತ್ತಿದರೆ ಕಂದು ಬಣ್ಣಕ್ಕೆ ತಿರುಗುತ್ತೆ, ತೊಳೆದರೂ ಹೋಗಲ್ಲ. ಮದುಮಗಳ ಸೀರೆ ಸುಳಿಯುವ ಕಡೆ ಇಡಲೇಬೇಡಿ. ಕೊಯ್ದ ಭಾಗವೂ ಕೆಲವೇ ತಾಸಿನಲ್ಲಿ ಕಪ್ಪಾಗುತ್ತೆ, ಮಾವಿನ ಸೊಪ್ಪಿನಿಂದ ಮುಚ್ಚಬೇಕು. ಭಾರವೋ ಭಾರ, ಹಾಗಾಗಿ ಮೇಲೆ ತೂಗುಹಾಕುವ ಕೆಲಸಕ್ಕೆ ಬರಲ್ಲ. ಮರುದಿನಕ್ಕೂ ಬರಲ್ಲ.

ಇನ್ನು ಕೋಳಿ ಜಾಲರಿ. ಹಾರ್ಡ್‌ವೇರ್ ಅಂಗಡಿಯಲ್ಲಿ ಮೀಟರ್ ಲೆಕ್ಕದಲ್ಲಿ ಸಿಗುತ್ತೆ. ಒಂದು ತುಂಡನ್ನು ಸಡಿಲವಾಗಿ ಮುದ್ದೆ ಮಾಡಿ ತಂಬಿಗೆಯಲ್ಲೋ ಕೊಡದಲ್ಲೋ ತುರುಕಿ, ಬಾಯಿಗೆ ಅಡ್ಡ ಟೇಪ್ ಹಾಕಿ ನೀರು ತುಂಬಿದರೆ ಮುಗಿಯಿತು. ಕೈ ಕೂರಲು ಸ್ವಲ್ಪ ಕಾಲ ಬೇಕು. ಮೊದಲು ಸೊಪ್ಪು, ಆಮೇಲೆ ದಪ್ಪ ಕಾಂಡ, ಕೊನೆಗೆ ಸಣ್ಣ ಹೂ. ಈ ಕ್ರಮ ತಪ್ಪಿದರೆ ಎಲ್ಲ ಒಂದೇ ಕಡೆ ವಾಲುತ್ತೆ.

ಬಿಸಿಲಿನ ಊರಿನಲ್ಲಿ ಗೆದ್ದಿದ್ದು ಇದೇ. ಕಾರಣ ಸರಳ: ನೀರು ಕಡಿಮೆಯಾದರೆ ಮತ್ತೆ ಸುರಿಯಬಹುದು. ಮಧ್ಯಾಹ್ನ ಒಬ್ಬ ಹುಡುಗ ಚೊಂಬು ಹಿಡಿದು ಒಂದು ಸುತ್ತು ಬಂದರೆ ಗುಲಾಬಿ ರಾತ್ರಿಗೂ ಗುಲಾಬಿಯೇ. ಬೆಳಗಾವಿಯಲ್ಲಂತೂ ಮೂರನೇ ದಿನಕ್ಕೂ ನಿಂತವು. ಜರ್ಬೆರಾಗೆ ಮಾತ್ರ ಬೇರೆ ಪಾತ್ರೆ ಇಡಿ, ನೀರು ನಾಲ್ಕು ಬೆರಳು ಸಾಕು. ಅದರ ಕಾಂಡದ ಮೇಲೆ ರೋಮ ಇದೆ, ಆಳ ನೀರಿನಲ್ಲಿ ಬೇಗ ಕೊಳೆಯುತ್ತೆ. ಹಿತ್ತಾಳೆ ತಂಬಿಗೆಯಾದರೆ ನೀರಿಗೆ ನಿಂಬೆರಸ, ಸಕ್ಕರೆ ಹಾಕುವ ಮನೆಮದ್ದು ಬಿಡಿ. ಹುಳಿ ಹಿತ್ತಾಳೆಗೆ ಆಗಲ್ಲ. ಒಳಗೊಂದು ಪ್ಲಾಸ್ಟಿಕ್ ಡಬ್ಬಿ ಇಟ್ಟರೆ ತೊಂದರೆ ಇಲ್ಲ.

ಜಾಲರಿಯ ತೊಂದರೆ ಸಾಗಾಟ. ನೀರು ತುಂಬಿಸಿ ಒಯ್ಯಲು ಆಗಲ್ಲ, ಜಾಗದಲ್ಲೇ ಕಟ್ಟಬೇಕು, ಬೆಳಗಿನ ಜಾವವೇ ಅಲ್ಲಿರಬೇಕು. ಕೂಲಿ ಹೆಚ್ಚಾಗುತ್ತೆ. ಆದರೆ ಜಾಲರಿ ತೊಳೆದು ಒಣಗಿಸಿದರೆ ವರ್ಷಗಟ್ಟಲೆ ಬರುತ್ತೆ, ಫೋಮ್ ಪ್ರತಿ ಮದುವೆಗೂ ಹೊಸದೇ ಬೇಕು. ಪಾತ್ರೆಗಳನ್ನು ಮಾತ್ರ ಎಣಿಸಿ ಇಡಿ. ಮದುವೆ ಮನೆಯಲ್ಲಿ ತಂಬಿಗೆಗೆ ಕಾಲು ಬರುತ್ತೆ!

ಮನೆಯಲ್ಲಿ ಟೀಪಾಯಿ ಮೇಲೆ ನಾಲ್ಕು ಹೂ ಇಡುವವರಿಗೆ ಈ ಮೂರೂ ಅತಿಯಾಯಿತು. ಜಪಾನಿನ ಇಕೆಬಾನದಲ್ಲಿ ಬಳಸುವ ಕೆಂಜಾನ್, ಅಂದರೆ ಮುಳ್ಳುಮುಳ್ಳಿನ ಭಾರದ ತಟ್ಟೆ, ಒಂದು ಕೊಂಡರೆ ಸಾಕು. ಆನ್‌ಲೈನ್‌ನಲ್ಲಿ ಸಿಗುತ್ತೆ. ಮಕ್ಕಳಿದ್ದರೆ ಎತ್ತರದಲ್ಲಿಡಿ.

ಯಾವ ಆಸರೆಯೂ ಕಾಯಲಾರದ ಎರಡು ಸಂಗತಿ ಇವೆ. ಗ್ಲಾಡಿಯೋಲಸ್ ಅನ್ನು ಅಡ್ಡಲಾಗಿ ಚುಚ್ಚಿದರೆ ರಾತ್ರಿ ಕಳೆಯುವಷ್ಟರಲ್ಲಿ ಅದರ ತುದಿ ಮೇಲಕ್ಕೆ ಬಾಗಿರುತ್ತೆ. ಅದನ್ನು ನೆಟ್ಟಗೇ ನಿಲ್ಲಿಸಬೇಕು. ಇನ್ನೊಂದು, ಕಾರ್ಯಾಲಯದ ಉಗ್ರಾಣ. ಹಣ್ಣಿನ ಬುಟ್ಟಿ, ಹೂವಿನ ಬಕೆಟ್ ಎರಡನ್ನೂ ಒಂದೇ ಕೋಣೆಗೆ ಸೇರಿಸುತ್ತಾರೆ. ಮಾಗುವ ಬಾಳೆಹಣ್ಣು, ಮಾವು ಎಥಿಲೀನ್ ಅನಿಲ ಬಿಡುತ್ತವೆ. ಕಾರ್ನೇಷನ್‌ಗೆ ಅದು ವಿಷ, ಎಸಳು ಒಳಕ್ಕೆ ಮಡಚಿಕೊಂಡು ಮುದುಡುತ್ತೆ. ನಾನು ಹೋದ ತಕ್ಷಣ ಮಾಡುವ ಮೊದಲ ಕೆಲಸ, ಹೂವಿಗೆ ಬೇರೆ ಕೋಣೆ ಕೇಳುವುದು.

ಈಗ ನನ್ನ ಲೆಕ್ಕ ಹೀಗಿದೆ. ಹಂದರದ ಬಾಗಿಲು, ಮೆಟ್ಟಿಲು, ನಾಮಕರಣದ ತೊಟ್ಟಿಲ ಕೆಳಗಿನ ಸಾಲಿಗೆ ಬಾಳೆ ಕಂಬ, ಚೆಂಡು ಹೂ. ವೇದಿಕೆಯ ಎರಡು ಬದಿ, ಊಟದ ಟೇಬಲ್, ಮನೆಯ ಪಡಸಾಲೆಗೆ ಜಾಲರಿ ತಂಬಿಗೆ. ಕಾರಿಗೆ ಮತ್ತು ಕಮಾನಿನ ತುದಿಗೆ ಒಂದೆರಡು ಇಟ್ಟಿಗೆ ಫೋಮ್ ಇನ್ನೂ ಬೇಕಾಗುತ್ತೆ, ಅದರ ಬದಲಿ ನನಗೆ ಸಿಕ್ಕಿಲ್ಲ. ಮೇ ತಿಂಗಳಿನಲ್ಲಿ ಛಾವಣಿಯಿಂದ ಗುಲಾಬಿ ಗೊಂಚಲು ಇಳಿಬಿಡಿ ಎಂದು ಕೇಳಿದವರಿಗೆ ಮಾತ್ರ ಆಗಲ್ಲ ಎನ್ನುತ್ತೇನೆ, ಚೆಂಡು ಹೂವಿನ ಸರ ಕಟ್ಟಿಕೊಡುತ್ತೇನೆ.